ದೂರದ ಜಿಲ್ಲೆಗೆ ಮನೆ ಸಾಗಿಸುವವರಿಗೆ: ಲಾರಿ ಹಿಡಿಯುವ ಮೊದಲು ದುಡ್ಡಿನ ತಾರೀಖು ಬರೆದುಕೊಳ್ಳಿ

ಮೈಸೂರು ಅಥವಾ ಮಂಡ್ಯದಿಂದ ಕಲಬುರಗಿಗೋ ಬೆಳಗಾವಿಗೋ ಮನೆ ಸಾಗಿಸಿದವರನ್ನು ವಿಚಾರಿಸಿ ನೋಡಿ, ಎಡವಿದ ಜಾಗ ಒಂದೇ ಆಗಿರುತ್ತದೆ. ಲಾರಿ ಬಾಡಿಗೆ ಲೆಕ್ಕ ಹಾಕಿರುತ್ತಾರೆ, ಚೌಕಾಸಿ ಮಾಡಿ ಎರಡು ಸಾವಿರ ಇಳಿಸಿಯೂ ಇರುತ್ತಾರೆ. ಆದರೆ ಸಾಮಾನು ಇಳಿಸುವ ದಿನ ಹಮಾಲರಿಗೆ ಕೊಡಲು ಕೈಯಲ್ಲಿ ಕಾಸಿರುವುದಿಲ್ಲ. ಹಳೆ ಮನೆಯ ಅಡ್ವಾನ್ಸ್ ಇನ್ನೂ ವಾಪಸ್ ಬಂದಿರುವುದಿಲ್ಲ, ಹೊಸ ಮನೆಯ ಅಡ್ವಾನ್ಸ್ ಆಗಲೇ ಹೋಗಿರುತ್ತದೆ.

ನಮ್ಮಕ್ಕನ ಸಂಸಾರ ಕುವೆಂಪುನಗರದಿಂದ ಕಲಬುರಗಿಗೆ ಹೊರಟಾಗ ಲಾರಿ ಗೊತ್ತು ಮಾಡಿದವನು ನಾನೇ. ಸಾಮಾನು ಇಳಿಸಿದ ರಾತ್ರಿ ಭಾವ ಫೋನ್ ಮಾಡಿ, ‘ಹತ್ತು ಸಾವಿರ ಹಾಕ್ತೀಯಾ? ಲಾರಿಯವರು ನಿಂತವ್ರೆ’ ಅಂದರು. ಸಂಬಳದಲ್ಲಿ ಬದುಕುವ ಯಾವ ಮನೆಗೂ ಇಂಥ ಪರಿಸ್ಥಿತಿ ಬರಬಾರದು. ಆಮೇಲೆ ನೆಂಟರಿಷ್ಟರಲ್ಲಿ ಯಾರು ಊರು ಬಿಟ್ಟರೂ ಕೆಳಗಿನ ಕ್ರಮದಲ್ಲೇ ಮಾಡಿಸುತ್ತಿದ್ದೇನೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಮೊದಲು ಕೈಗೆ ಬೇಕಾದ ಸಾಮಗ್ರಿ

ಒಂದು ನೂರು ಪುಟದ ನೋಟ್‌ಬುಕ್, ಅಳತೆ ಟೇಪು, ದಪ್ಪ ಮಾರ್ಕರ್, ಕ್ಯಾಮೆರಾ ಇರುವ ಮೊಬೈಲು. ಪ್ಯಾಕಿಂಗನ್ನು ನೀವೇ ಮಾಡುವುದಾದರೆ ರಟ್ಟಿನ ಪೆಟ್ಟಿಗೆ, ಗೋಣಿಚೀಲ, ಅಗಲವಾದ ಅಂಟು ಟೇಪು, ನೈಲಾನ್ ಹಗ್ಗ, ಸ್ಕ್ರೂಡ್ರೈವರ್, ಸ್ಪ್ಯಾನರ್. ಪೆಟ್ಟಿಗೆಗಳನ್ನು ಬಡಾವಣೆಯ ದಿನಸಿ ಅಂಗಡಿ, ಔಷಧಿ ಅಂಗಡಿಗಳಲ್ಲಿ ಒಂದು ತಿಂಗಳ ಮುಂಚೆಯೇ ಹೇಳಿಟ್ಟರೆ ಎತ್ತಿಟ್ಟು ಕೊಡುತ್ತಾರೆ. ಮೈಸೂರಿನವರು ಸಂತೆಪೇಟೆಯ ಸಗಟು ಅಂಗಡಿಗಳಲ್ಲೂ ಕೇಳಬಹುದು. ಹಳೆ ಸೀರೆ, ಪಂಚೆ, ಬೆಡ್‌ಶೀಟುಗಳನ್ನು ಈಗ ಯಾರಿಗೂ ಕೊಡಬೇಡಿ. ಗಾಜು, ಟಿವಿ ಸುತ್ತಲು ಅವು ಬೇಕು.

ಹಂತ 1: ತಾರೀಖು ಗೊತ್ತು ಮಾಡಿ (45 ದಿನ ಮುಂಚೆ)

ಮೊದಲು ಹಳೆ ಮನೆಯ ಬಾಡಿಗೆ ಕರಾರು ಪತ್ರ ತೆಗೆದು ಓದಿ. ಮನೆ ಬಿಡಲು ಎಷ್ಟು ದಿನದ ನೋಟಿಸ್, ಬಣ್ಣಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ, ಅಡ್ವಾನ್ಸ್ ಎಂದು ವಾಪಸ್ ಕೊಡುತ್ತಾರೆ ಎಂಬ ಮೂರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಕರಾರಿನಲ್ಲಿ ಇಲ್ಲದಿದ್ದರೆ ಮನೆ ಮಾಲೀಕರನ್ನು ನೇರವಾಗಿ ಕೇಳಿ. ಮಾತಿನಲ್ಲಿ ಮುಗಿಸದೆ, ‘ಸಾರ್, ಇಂಥ ತಾರೀಖಿಗೆ ಮನೆ ಖಾಲಿ ಮಾಡ್ತೀವಿ, ಅಡ್ವಾನ್ಸ್ ಇಂಥ ದಿನ ಕೊಡ್ತೀನಿ ಅಂದಿದ್ದೀರಿ’ ಎಂದು ವಾಟ್ಸ್‌ಆ್ಯಪ್ ಮಾಡಿ. ಮುಂದೆ ಅದೇ ದಾಖಲೆ.

ಎರಡನೆಯದಾಗಿ ಹೊಸ ಮನೆ. ಅದು ಗಟ್ಟಿಯಾಗದೆ ಲಾರಿಗೆ ಮುಂಗಡ ಕೊಡಬೇಡಿ. ‘ಹೋದ ಮೇಲೆ ನೋಡಿಕೊಂಡರಾಯಿತು’ ಎಂದು ಹೊರಟವರು ಸಾಮಾನನ್ನು ಯಾರದೋ ಗೋದಾಮಿನಲ್ಲಿಟ್ಟು, ಎರಡೆರಡು ಸಲ ಹಮಾಲಿ ತೆತ್ತಿದ್ದನ್ನು ಕಂಡಿದ್ದೇನೆ.

ಮಕ್ಕಳಿದ್ದರೆ ಏಪ್ರಿಲ್-ಮೇ ರಜೆಯೇ ಸರಿಯಾದ ಕಾಲ. ಆದರೆ ಊರಿಗೆ ಊರೇ ಮನೆ ಬದಲಿಸುವುದೂ ಮೇ ಕೊನೆಯಲ್ಲೇ. ತಿಂಗಳ ಕೊನೆ ಮತ್ತು ಭಾನುವಾರ ಬಿಟ್ಟು, ತಿಂಗಳ ನಡುವಿನ ಮಂಗಳವಾರವೋ ಬುಧವಾರವೋ ನೋಡಿ. ಆಷಾಢದಲ್ಲಿ ಹೊಸ ಮನೆ ಹೊಕ್ಕುವವರು ಕಡಿಮೆ. ಮನೆಯ ಹಿರಿಯರು ಒಪ್ಪಿದರೆ ಆಗ ವಾಹನ ಸುಲಭವಾಗಿ ಸಿಗುತ್ತದೆ. ದಸರಾ ದಿನಗಳಲ್ಲಿ ಮೈಸೂರು ನಗರದೊಳಗೆ ಲಾರಿ ತರಿಸುವ ಯೋಚನೆ ಬೇಡ.

ಹಂತ 2: ಸಾಮಾನಿನ ಪಟ್ಟಿ (40 ದಿನ ಮುಂಚೆ)

ಕೋಣೆ ಕೋಣೆ ಸುತ್ತಿ ಬರೆಯಿರಿ. ಅಟ್ಟ, ಮಂಚದ ಕೆಳಗೆ, ತಾರಸಿಯ ಮೇಲೆ, ದೇವರ ಮನೆ ಯಾವುದನ್ನೂ ಬಿಡಬೇಡಿ. ದೊಡ್ಡ ಸಾಮಾನಿನ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಅಳೆದು ಗುಣಿಸಿದರೆ ಘನ ಅಡಿ ಸಿಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೂವರೆ ಅಡಿಯಿರುವ ರಟ್ಟಿನ ಪೆಟ್ಟಿಗೆ ಸುಮಾರು 3.4 ಘನ ಅಡಿ. ಅಂಥ ಅರವತ್ತು ಪೆಟ್ಟಿಗೆ ಎಂದರೆ 200 ಘನ ಅಡಿ ಆಯಿತು. 14 ಅಡಿ ಉದ್ದ, 6 ಅಡಿ ಅಗಲದ ಕ್ಯಾಂಟರಿನಲ್ಲಿ 6 ಅಡಿ ಎತ್ತರಕ್ಕೆ ಜೋಡಿಸಿದರೆ 504 ಘನ ಅಡಿ ಹಿಡಿಯುತ್ತದೆ. ನಿಮ್ಮ ಮೊತ್ತಕ್ಕೆ ಕಾಲು ಭಾಗ ಸೇರಿಸಿ ಹೋಲಿಸಿ, ಏಕೆಂದರೆ ಸಂದು ಬಿಡದೆ ಜೋಡಿಸಲು ಯಾರಿಗೂ ಆಗುವುದಿಲ್ಲ.

ಅಳೆದ ಮೇಲೆ ಪ್ರತಿ ದೊಡ್ಡ ಸಾಮಾನಿನ ಮುಂದೆ ಎರಡು ಬೆಲೆ ಬರೆಯಿರಿ: ಇಲ್ಲಿ ಮಾರಿದರೆ ಎಷ್ಟು ಬರುತ್ತದೆ, ಅಲ್ಲಿ ಅಂಥದ್ದನ್ನೇ ಕೊಳ್ಳಲು ಎಷ್ಟು ಬೇಕು. ಎರಡರ ನಡುವಿನ ಅಂತರ ಕಡಿಮೆಯಿದ್ದರೆ ಮಾರಿಬಿಡಿ. ಸ್ಟೀಲ್ ಬೀರು, ತೇಗದ ಮಂಚ, ಹಿತ್ತಾಳೆ ಪಾತ್ರೆ ಧಾರಾಳವಾಗಿ ಹೋಗಲಿ. ಪುಡಿಮರದ ಹಲಗೆಯಿಂದ ಮಾಡಿದ ವಾರ್ಡ್‌ರೋಬು, ಟಿವಿ ಸ್ಟ್ಯಾಂಡುಗಳನ್ನು ಒಮ್ಮೆ ಬಿಚ್ಚಿದರೆ ಸ್ಕ್ರೂ ಹಿಡಿಯುವುದಿಲ್ಲ. ಅವುಗಳ ಮೇಲೆ ಬಾಡಿಗೆ ಸುರಿಯುವುದು ನಷ್ಟ. ಹಳೆ ಸೋಫಾ ಜಾಗ ತಿನ್ನುವಷ್ಟು ಬೇರೇನೂ ತಿನ್ನುವುದಿಲ್ಲ. ಅದೊಂದನ್ನು ಬಿಟ್ಟು ಹೋದರೆ 17 ಅಡಿ ಗಾಡಿಯ ಬದಲು 14 ಅಡಿಯದ್ದೇ ಸಾಕಾಗುವುದುಂಟು.

ಹೊಸ ಮನೆಯ ಬಾಗಿಲಿನ ಅಗಲ, ಮೆಟ್ಟಿಲಿನ ತಿರುವನ್ನು ಅಲ್ಲಿನವರಿಂದ ಅಳೆಸಿ ತರಿಸಿಕೊಳ್ಳಿ. ಆರೂವರೆ ಅಡಿ ಬೀರು ಮೊದಲ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡರೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆಸಬೇಕು, ಅದಕ್ಕೆ ಹಮಾಲರು ಕೇಳಿದಷ್ಟು ಕೊಡಬೇಕು.

ಹಂತ 3: ವಾಹನ ಮತ್ತು ದರ (30 ದಿನ ಮುಂಚೆ)

ದೂರದ ಪಯಣಕ್ಕೆ ಟಾಟಾ ಏಸ್ ಬೇಡ. ಒಂದು ಕೋಣೆಯ ಮನೆಗೆ ಬೊಲೆರೊ ಪಿಕಪ್ ಅಥವಾ ಟಾಟಾ 407, ಎರಡು ಕೋಣೆಯ ಮನೆಗೆ 14 ಅಡಿ ಕ್ಯಾಂಟರು, ಮೂರು ಕೋಣೆಗೆ 17 ಅಡಿ. ಇದು ಅಂದಾಜು, ಕೊನೆಯ ಮಾತು ನಿಮ್ಮ ಘನ ಅಡಿ ಲೆಕ್ಕದ್ದು.

ದಾರಿಗಳು ಮೂರು. ಪ್ಯಾಕರ್ಸ್ ಅಂಡ್ ಮೂವರ್ಸ್‌ನವರು ಕಟ್ಟುವುದರಿಂದ ಇಳಿಸುವವರೆಗೆ ನೋಡಿಕೊಳ್ಳುತ್ತಾರೆ, ದರ ಹೆಚ್ಚು. ಎರಡನೆಯದು, ನೀವೇ ಲಾರಿ ಗೊತ್ತು ಮಾಡಿ ಎರಡೂ ಕಡೆ ಹಮಾಲರನ್ನು ಹಿಡಿಯುವುದು. ಮೂರನೆಯದು ರಿಟರ್ನ್ ಲೋಡ್. ಉತ್ತರ ಕರ್ನಾಟಕದಿಂದ ಬೇಳೆಕಾಳು, ಈರುಳ್ಳಿ ತಂದು ಇಳಿಸಿದ ಗಾಡಿಗೆ ಖಾಲಿ ಹಿಂದಿರುಗುವುದಕ್ಕಿಂತ ನಿಮ್ಮ ಸಾಮಾನು ಲಾಭ. ನಂಜನಗೂಡು ರಸ್ತೆಯ ಬಂಡಿಪಾಳ್ಯ ಎಪಿಎಂಸಿ ಪ್ರಾಂಗಣದ ಸುತ್ತ ಟ್ರಾನ್ಸ್‌ಪೋರ್ಟ್‌ನವರಲ್ಲಿ ವಿಚಾರಿಸಿ. ಮಂಡ್ಯದವರು ಬೆಲ್ಲದ ಮಾರುಕಟ್ಟೆಗೆ ಬರುವ ಗಾಡಿಗಳವರನ್ನು ಕೇಳಿ ನೋಡಿ. ತಾರೀಖಿನಲ್ಲಿ ಒಂದೆರಡು ದಿನ ಸಡಿಲ ಬಿಡಲು ಸಾಧ್ಯವಿದ್ದರೆ ಮಾತ್ರ ಈ ದಾರಿ. ನನ್ನ ಆಯ್ಕೆ ಇದೇ, ಆದರೆ ಗಾಡಿ ತಡವಾದರೆ ಕೆಡದಂಥ ಸಾಮಾನಿರಬೇಕು, ಮಳೆಗಾಲದಲ್ಲಿ ಟಾರ್ಪಾಲು ಹರಿದಿಲ್ಲವೆಂದು ನೋಡಿಕೊಂಡಿರಬೇಕು.

ಹೇಳಿದ ದರ ನ್ಯಾಯವೇ ಎಂದು ತಿಳಿಯುವುದು ಹೀಗೆ. ಮೈಸೂರಿನಿಂದ ಶ್ರೀರಂಗಪಟ್ಟಣ, ನಾಗಮಂಗಲ, ಹುಳಿಯಾರು, ಹಿರಿಯೂರು, ಬಳ್ಳಾರಿ ಮೇಲೆ ಹಾದು ಜೇವರ್ಗಿ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದು ಕಲಬುರಗಿಗೆ, ಬಳಸು ದಾರಿಯೂ ಸೇರಿ 700 ಕಿ.ಮೀ. ಎಂದಿಟ್ಟುಕೊಳ್ಳಿ. ಲೋಡ್ ಆದ ಕ್ಯಾಂಟರು ಲೀಟರಿಗೆ 8 ಕಿ.ಮೀ. ಓಡಿದರೆ 87.5 ಲೀಟರ್ ಡೀಸೆಲ್. ಲೀಟರಿಗೆ 91 ರೂಪಾಯಿಯಂತೆ ಹೋಗುವುದಕ್ಕೇ ಸುಮಾರು 7,960 ರೂಪಾಯಿ, ಖಾಲಿ ಬರುವುದೂ ಸೇರಿದರೆ ಹತ್ತಿರ ಹತ್ತಿರ 16,000. ಇದರ ಮೇಲೆ ಟೋಲ್, ಚಾಲಕ ಮತ್ತು ಕ್ಲೀನರ್ ಬಾಟಾ, ಗಾಡಿಯ ಸವಕಳಿ, ಮಾಲೀಕನ ಲಾಭ ಬರಬೇಕು. ಯಾರಾದರೂ ಇಡೀ ಗಾಡಿಗೆ, ಪ್ಯಾಕಿಂಗೂ ಸೇರಿ 12,000ಕ್ಕೆ ಒಪ್ಪಿಕೊಂಡರೆ ಡೀಸೆಲ್ ಖರ್ಚೇ ಹುಟ್ಟುವುದಿಲ್ಲ. ಉಳಿದದ್ದನ್ನು ದಾರಿಯಲ್ಲಿ ನಿಮ್ಮಿಂದ ಕೀಳುತ್ತಾರೆ.

ಮೂರು ಕಡೆಯಿಂದ ದರ ಬರೆಸಿಕೊಳ್ಳಿ. ಬರಹದಲ್ಲಿ ಈ ವಿವರ ಇರಬೇಕು: ಗಾಡಿಯ ಅಳತೆ, ಇಡೀ ಗಾಡಿಯೋ ಬೇರೆಯವರ ಸಾಮಾನಿನ ಜೊತೆ ಹಂಚಿಕೆಯೋ, ಟೋಲ್ ಯಾರದು, ಹಮಾಲಿ ಎರಡೂ ಕಡೆ ಸೇರಿದೆಯೇ, ಎಷ್ಟನೇ ಮಹಡಿ, ಜಿಎಸ್‌ಟಿ ಸೇರಿ ಎಷ್ಟು, ತಡವಾದರೆ ದಿನಕ್ಕೆ ಎಷ್ಟು ಮುರಿಯುವುದು.

ಎಚ್ಚರಿಕೆಯ ಲಕ್ಷಣಗಳು ಇವು. ಸಾಮಾನು ನೋಡದೆ, ವಿಡಿಯೋ ಕೂಡ ಕೇಳದೆ ಫೋನಿನಲ್ಲೇ ದರ ಹೇಳುವುದು. ಅರ್ಧಕ್ಕಿಂತ ಹೆಚ್ಚು ಮುಂಗಡ ಕೇಳುವುದು. ಕರ್ನಾಟಕದ ಸಂಸ್ಥೆ ಎಂದು ಹೇಳಿಕೊಂಡೂ ಜಿಎಸ್‌ಟಿ ಸಂಖ್ಯೆ 29ರಿಂದ ಆರಂಭವಾಗದಿರುವುದು. ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಕಾಣುತ್ತದೆ. ‘ವಿಮೆ ಮಾಡಿಸಿದ್ದೇವೆ’ ಎಂದು ದುಡ್ಡು ಪಡೆದು ಪಾಲಿಸಿ ಪತ್ರ ಕೊಡದಿರುವುದು. ಇನ್ನೊಂದು ಇತ್ತೀಚೆಗೆ ಕೇಳಿಬರುತ್ತಿದೆ: ‘ಇ-ವೇ ಬಿಲ್ ಖರ್ಚು’ (ಸರಕು ಸಾಗಣೆಗೆ ಬೇಕಾಗುವ ಜಿಎಸ್‌ಟಿ ಚೀಟಿಯದು) ಎಂದು ಪ್ರತ್ಯೇಕ ಹಣ. ಬಳಸಿದ ಮನೆಬಳಕೆಯ ಸಾಮಾನಿಗೆ ಇ-ವೇ ಬಿಲ್ಲಿನಿಂದ ವಿನಾಯಿತಿ ಇದೆ. ಕೊಡಬೇಡಿ.

ಹಂತ 4: ದುಡ್ಡಿನ ತಾರೀಖು ಹಾಳೆ (ಹಂತ 3 ಮುಗಿದ ದಿನವೇ)

ಇಷ್ಟೆಲ್ಲ ಬರೆಯಲು ಕೂತಿದ್ದೇ ಈ ಹಂತಕ್ಕಾಗಿ. ಒಟ್ಟು ಎಷ್ಟಾಗುತ್ತದೆ ಎಂಬ ಒಂದೇ ಸಂಖ್ಯೆ ನಿಮ್ಮನ್ನು ಕಾಯುವುದಿಲ್ಲ. ಯಾವ ದಿನ ಎಷ್ಟು ಹೋಗುತ್ತದೆ, ಯಾವ ದಿನ ಎಷ್ಟು ಬರುತ್ತದೆ ಎಂದು ಬರೆದರೆ ಮಾತ್ರ ಹಳ್ಳ ಎಲ್ಲಿದೆ ಎಂದು ಕಾಣುತ್ತದೆ. ಒಂದು ಮಾದರಿ ಹಾಕಿ ತೋರಿಸುತ್ತೇನೆ. ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ.

ಮೇ 1: ಹೊಸ ಮನೆಗೆ ಟೋಕನ್ 5,000
ಮೇ 15: ಉಳಿದ ಅಡ್ವಾನ್ಸ್ 50,000, ಮೊದಲ ತಿಂಗಳ ಬಾಡಿಗೆ 11,000
ಮೇ 18: ಲಾರಿ ಮುಂಗಡ 10,000, ಪ್ಯಾಕಿಂಗ್ ಸಾಮಗ್ರಿ 4,000
ಮೇ 27: ಲೋಡ್ ಹಮಾಲಿ 4,000, ಲಾರಿಗೆ ಎರಡನೇ ಕಂತು 15,000, ರೈಲು ಮತ್ತು ಊಟ 4,000
ಮೇ 29: ಇಳಿಸುವ ಹಮಾಲಿ 4,000, ಲಾರಿ ಬಾಕಿ 10,000
ಜೂನ್ 5ರೊಳಗೆ: ಎಲೆಕ್ಟ್ರಿಷಿಯನ್, ಪ್ಲಂಬರ್, ಗ್ಯಾಸ್ ಠೇವಣಿ, ದಿನಸಿ 12,000
ಜೂನ್ 15: ಹಳೆ ಅಡ್ವಾನ್ಸ್ 60,000ದಲ್ಲಿ ಬಣ್ಣಕ್ಕೆ 10,000 ಕಳೆದು 50,000 ವಾಪಸ್

ಈಗ ನೋಡಿ. ‘ಮನೆ ಸಾಗಿಸಲು ಎಷ್ಟಾಗುತ್ತೆ’ ಎಂದರೆ ಎಲ್ಲರ ಬಾಯಲ್ಲಿ ಬರುವುದು ಲಾರಿಯ 35,000. ಮತ್ತೆ ಕೈಗೆ ಬಾರದ ನಿಜವಾದ ಖರ್ಚು ಲಾರಿ, ಹಮಾಲಿ, ಪ್ಯಾಕಿಂಗ್, ಪ್ರಯಾಣ, ಮೊದಲ ವಾರ, ಬಣ್ಣ ಮತ್ತು ಮೇ 15ರಿಂದ 31ರವರೆಗೆ ಎರಡೂ ಮನೆಗೆ ಬಾಡಿಗೆ ತೆರುವುದರಿಂದ ಬೀಳುವ ಹೆಚ್ಚುವರಿ ಸುಮಾರು 5,500 ಸೇರಿ 78,500. ಆದರೆ ಜೂನ್ 15ಕ್ಕೆ ಮುನ್ನ ಕೈಯಿಂದ ಹೊರಹೋಗುವ ನಗದು 1,29,000. ಇದರ ಮೇಲೆ ಹತ್ತನೇ ಒಂದು ಭಾಗ ಕೈಕಾವಲಿಗೆ ಇಟ್ಟರೆ 1,42,000 ಬೇಕು. ನಮ್ಮ ಭಾವ ಹೊಂದಿಸಿಕೊಂಡಿದ್ದು ಮೊದಲ ಎರಡು ಸಂಖ್ಯೆಗಳ ನಡುವಿನ ಮೊತ್ತ. ಅವರು ದುಂದು ಮಾಡಿದವರಲ್ಲ. ಮೂರನೇ ಸಂಖ್ಯೆಯನ್ನು ಯಾರೂ ಅವರಿಗೆ ಬರೆದು ತೋರಿಸಿರಲಿಲ್ಲ, ನಾನೂ ತೋರಿಸಿರಲಿಲ್ಲ.

ಹಳ್ಳ ತುಂಬಿಸಲು ದಾರಿಗಳಿವೆ. ಹೊಸ ಮಾಲೀಕರನ್ನು ಅಡ್ವಾನ್ಸ್ ಎರಡು ಕಂತಿನಲ್ಲಿ ಪಡೆಯಲು ಕೇಳಿ. ಟೋಕನ್ ಕೊಡುವ ಮುಂಚೆ ಕೇಳಿದರೆ ಒಪ್ಪುತ್ತಾರೆ, ಕೊಟ್ಟ ಮೇಲೆ ಕಷ್ಟ. ಹಳೆ ಮಾಲೀಕರಿಂದ ಕೊನೆಯ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲು ಒಪ್ಪಿಗೆ ಪಡೆಯಿರಿ. ಕೇಳದೆ ಬಾಡಿಗೆ ನಿಲ್ಲಿಸಬೇಡಿ. ಚೀಟಿ ಹಾಕಿದ್ದರೆ ಎತ್ತುವ ತಿಂಗಳನ್ನು ಇದಕ್ಕೆ ಹೊಂದಿಸಿ. ಸರ್ಕಾರಿ ನೌಕರರು ವರ್ಗಾವಣೆ ಭತ್ಯೆಯನ್ನು ಈ ಹಾಳೆಯ ‘ಬರುವ’ ಸಾಲಿನಲ್ಲಿ ಬರೆಯಲೇಬೇಡಿ. ಸ್ವಂತ ಕೋರಿಕೆಯ ವರ್ಗಾವಣೆಗೆ ಅದು ಸಿಗುವುದಿಲ್ಲ, ಸಿಗುವವರಿಗೂ ಬಿಲ್ಲು ಪಾಸಾಗುವುದು ಆಮೇಲೆ.

ಹಂತ 5: ಕಾಗದಪತ್ರ (20 ದಿನ ಮುಂಚೆ)

ಗ್ಯಾಸ್: ಬೇರೆ ಊರಿಗೆ ಹೋಗುವಾಗ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ, ಠೇವಣಿ ವಾಪಸ್ ಪಡೆದು, ವೋಚರ್ ತೆಗೆದುಕೊಳ್ಳಬೇಕು. ಸಂಪರ್ಕ ಪಡೆದಾಗ ಕೊಟ್ಟ ಮೂಲ ವೋಚರ್ ಹುಡುಕಿಟ್ಟುಕೊಳ್ಳಿ. ಹಿಂದೆ ಕಟ್ಟಿದಷ್ಟೇ ವಾಪಸ್ ಬರುತ್ತದೆ, ಹೊಸ ಊರಿನಲ್ಲಿ ಈಗಿನ ದರ ಕಟ್ಟಬೇಕು. 14.2 ಕೆ.ಜಿ. ಸಿಲಿಂಡರಿನ ಠೇವಣಿ 2022ರ ಜೂನ್‌ನಲ್ಲಿ 1,450ರಿಂದ 2,200ಕ್ಕೆ ಏರಿತು. ತುಂಬಿದ ಸಿಲಿಂಡರನ್ನು ಸಾಮಾನಿನ ಜೊತೆ ಲಾರಿಗೆ ಹಾಕಲೇಬೇಡಿ. ಅಲ್ಲಿ ಹಾಲು ಉಕ್ಕಿಸುವುದು ಹೇಗೆ ಎಂದು ಅಮ್ಮಂದಿರು ಕೇಳುತ್ತಾರೆ. ಇಂಡಕ್ಷನ್ ಒಲೆ, ಅದಕ್ಕೊಪ್ಪುವ ಒಂದು ಪಾತ್ರೆ ನಿಮ್ಮ ಕೈಚೀಲದಲ್ಲಿರಲಿ.

ಗೃಹಜ್ಯೋತಿ: ಬಹಳ ಮಂದಿ ಮರೆಯುವುದು ಉಚಿತ ಕರೆಂಟಿನ ಈ ಯೋಜನೆಯನ್ನೇ. ಮೈಸೂರು, ಮಂಡ್ಯದಲ್ಲಿ ನಿಮ್ಮ ಕರೆಂಟ್ ಸಂಪರ್ಕ ಸೆಸ್ಕ್‌ನದು. ಕಲಬುರಗಿ ಜೆಸ್ಕಾಂಗೆ, ಹುಬ್ಬಳ್ಳಿ-ಬೆಳಗಾವಿ ಹೆಸ್ಕಾಂಗೆ ಸೇರಿವೆ. ಹಳೆ ಮನೆಯ ಆರ್‌ಆರ್ ಸಂಖ್ಯೆಯಿಂದ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಬಿಡಿಸುವ ಡಿ-ಲಿಂಕ್ ಸೌಲಭ್ಯ ಸೇವಾಸಿಂಧುವಿನಲ್ಲಿದೆ. ಖಾಲಿ ಮಾಡುವ ವಾರ ಅದನ್ನು ಮಾಡಿ, ಆಮೇಲೆ ಹೊಸ ಆರ್‌ಆರ್ ಸಂಖ್ಯೆಗೆ ನೋಂದಾಯಿಸಿ. ಹೊಸ ಮನೆಯಲ್ಲಿದ್ದ ಹಿಂದಿನ ಬಾಡಿಗೆದಾರರು ಡಿ-ಲಿಂಕ್ ಮಾಡಿದ್ದಾರೆಯೇ ಎಂದು ಟೋಕನ್ ಕೊಡುವ ದಿನವೇ ಮಾಲೀಕರನ್ನು ಕೇಳಿ.

ಶಾಲೆ: ವರ್ಗಾವಣೆ ಪತ್ರದ ಜೊತೆ ಮಗುವಿನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ಮಗುವಿಗೆ ಇರುವ ಗುರುತಿನ ಸಂಖ್ಯೆ) ಬರೆಸಿಕೊಳ್ಳಿ. ಹೆಸರಿನ ಅಕ್ಷರ ಆಧಾರ್‌ಗೆ ಹೊಂದುತ್ತದೆಯೇ ಎಂದು ಅಲ್ಲೇ ನೋಡಿ. ತಿದ್ದುಪಡಿಗೆಂದು ಮತ್ತೆ 700 ಕಿ.ಮೀ. ಬರಬೇಕಾಗಬಾರದು.

ಪಡಿತರ: ರಾಜ್ಯದೊಳಗೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ಪಡೆಯಬಹುದು. ಅವಸರವಿಲ್ಲ.

ಹಂತ 6: ಕಟ್ಟುವುದು (10 ದಿನ ಮುಂಚೆಯಿಂದ)

ದಿನನಿತ್ಯ ಬೇಡದ್ದರಿಂದ ಆರಂಭಿಸಿ: ಅಟ್ಟ, ಪುಸ್ತಕ, ಹಬ್ಬದ ಪಾತ್ರೆ, ಬೊಂಬೆ. ಅಡುಗೆಮನೆ ಕೊನೆಗೆ. ಪುಸ್ತಕ ಸಣ್ಣ ಪೆಟ್ಟಿಗೆಗೆ, ಬಟ್ಟೆ ದೊಡ್ಡದಕ್ಕೆ. ಎಲ್ಲರೂ ಇದನ್ನು ಉಲ್ಟಾ ಮಾಡಿ ಪೆಟ್ಟಿಗೆಯ ತಳ ಕಿತ್ತು ಹೋಗುತ್ತದೆ. ಪ್ರತಿ ಪೆಟ್ಟಿಗೆಗೂ ಎರಡು ಬದಿಯಲ್ಲಿ ಸಂಖ್ಯೆ ಹಾಕಿ, ಒಳಗೇನಿದೆ ಎಂದು ನೋಟ್‌ಬುಕ್ಕಿನಲ್ಲಿ ಮಾತ್ರ ಬರೆಯಿರಿ. ಪೆಟ್ಟಿಗೆಯ ಮೇಲೆ ‘ಬೆಳ್ಳಿ ದೀಪ’ ಎಂದು ಬರೆದು ಕಳಿಸುವುದು ಬೇಡ. ಚಿನ್ನ, ಬೆಳ್ಳಿ, ಮೂಲ ದಾಖಲೆ, ಔಷಧಿ ನಿಮ್ಮ ಜೊತೆಗೇ ಪ್ರಯಾಣಿಸಬೇಕು.

ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ನೀರು ಒರೆಸಿ, ಬಾಗಿಲು ಕಟ್ಟಿ. ನಿಂತ ಭಂಗಿಯಲ್ಲೇ ಹೋಗಬೇಕು. ಮುಂಬಾಗಿಲಿನ ವಾಷಿಂಗ್ ಮೆಷಿನ್ನಿಗೆ ಕೊಂಡಾಗ ಬಂದಿದ್ದ ಸಾಗಣೆ ಬೋಲ್ಟುಗಳನ್ನು ಹಾಕಿಸಿ. ಅವಿಲ್ಲದೆ ದೂರ ಕುಲುಕಿದರೆ ಡ್ರಮ್ಮು ಹಾಳಾಗುತ್ತದೆ. ಯುಪಿಎಸ್ ಬ್ಯಾಟರಿ ವಾಲಿದರೆ ಆ್ಯಸಿಡ್ ಚೆಲ್ಲುತ್ತದೆ, ಅದರ ಪಕ್ಕ ಬಟ್ಟೆ ಬೇಡ. ಎಸಿ ಇದ್ದರೆ ಗ್ಯಾಸ್ ಇಳಿಸಿ ಬಿಚ್ಚಲು, ಅಲ್ಲಿ ಮತ್ತೆ ಕೂರಿಸಲು ಎರಡೂ ಕಡೆ ಖರ್ಚಿದೆ, ಹಾಳೆಯಲ್ಲಿ ಸೇರಿಸಿ.

ಹಂತ 7: ಲೋಡ್ ಆಗುವ ದಿನ

ಗಾಡಿ ಬಂದ ಕೂಡಲೇ ನಂಬರ್ ಪ್ಲೇಟಿನ ಚಿತ್ರ ತೆಗೆಯಿರಿ. ಒಪ್ಪಂದದ ಗಾಡಿಯೇ ಬಂದಿದೆಯೇ, ಅಳತೆ ಅದೇ ಇದೆಯೇ ನೋಡಿ. ಚಿಕ್ಕ ಗಾಡಿ ಕಳಿಸಿ, ‘ಹಿಡಿಯಲ್ಲ ಸಾರ್, ಇನ್ನೊಂದು ಗಾಡಿ ಬೇಕು’ ಎನ್ನುವುದು ಹಳೆಯ ಆಟ. ಆಗ ಒಂದು ಪೆಟ್ಟಿಗೆಯನ್ನೂ ಏರಿಸಬೇಡಿ. ಸಾಮಾನು ಗಾಡಿಯಲ್ಲಿ ಇಲ್ಲದಿರುವವರೆಗೆ ಮಾತು ನಿಮ್ಮ ಕೈಯಲ್ಲಿರುತ್ತದೆ. ಅಗ್ರಹಾರ, ಕೆ.ಆರ್. ಮೊಹಲ್ಲಾದಂಥ ಇಕ್ಕಟ್ಟಾದ ಬೀದಿಗಳಲ್ಲಿ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಹಿಂದಿನ ದಿನವೇ ನೋಡಿಟ್ಟಿರಿ. ಗಾಡಿಯವರೆಗೆ ಹೊರುವ ದೂರ ಹೆಚ್ಚಾದರೆ ಹಮಾಲಿಯೂ ಹೆಚ್ಚುತ್ತದೆ.

ಬೀರು, ಫ್ರಿಜ್, ಮೆಷಿನ್ ಕ್ಯಾಬಿನ್ ಕಡೆಗೆ, ಅವುಗಳ ನಡುವೆ ಹಾಸಿಗೆ, ಮೇಲೆ ಹಗುರ ಪೆಟ್ಟಿಗೆ. ಮೊದಲ ರಾತ್ರಿಗೆ ಬೇಕಾದ ಚಾಪೆ, ಬಕೆಟ್ಟು, ಪೊರಕೆ, ಬಲ್ಬು, ಒಂದು ಹಗ್ಗ ಎಲ್ಲಕ್ಕಿಂತ ಕೊನೆಗೆ ಏರಲಿ. ಪೆಟ್ಟಿಗೆ ಎಣಿಕೆಯನ್ನು ಲಾರಿ ರಸೀದಿಯಲ್ಲಿ ಬರೆಸಿ, ಚಾಲಕರ ಸಹಿ ಪಡೆಯಿರಿ. ಖಾಲಿ ಮನೆಯ ಗೋಡೆ, ನಲ್ಲಿ, ಮೀಟರ್ ಓದಿನ ವಿಡಿಯೋ ಮಾಡಿ ಬೀಗದ ಕೈ ಕೊಡಿ. ಬಣ್ಣದ ಲೆಕ್ಕದಲ್ಲಿ ತಕರಾರು ಬಂದರೆ ಅದೇ ಆಧಾರ.

ಸ್ಕೂಟರನ್ನು ಲಾರಿಯಲ್ಲೇ ಹಾಕಬಹುದು, ಇಲ್ಲವೇ ಮೈಸೂರು ರೈಲು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬಹುದು. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಒಯ್ಯಿರಿ. ಮನೆಯವರು ಕಲಬುರಗಿಗಾದರೆ ಬಸವ ಎಕ್ಸ್‌ಪ್ರೆಸ್‌, ಹುಬ್ಬಳ್ಳಿಗಾದರೆ ಹಂಪಿ ಎಕ್ಸ್‌ಪ್ರೆಸ್‌ ಹಿಡಿಯಬಹುದು. ಗಂಟೆಗೆ ಸರಾಸರಿ 40 ಕಿ.ಮೀ. ಹಿಡಿದರೂ ಲಾರಿಗೆ 700 ಕಿ.ಮೀ. ಹದಿನೇಳೂವರೆ ಗಂಟೆಯ ಓಟ, ಊಟ-ನಿದ್ದೆ ಬೇರೆ. ಚಾಲಕರಿಗೆ ಫೋನ್ ಮಾಡಿ ಮಾಡಿ ಅವಸರ ಪಡಿಸಬೇಡಿ.

ಹಂತ 8: ಇಳಿಸುವುದು ಮತ್ತು ಮೊದಲ 30 ದಿನ

ಲಾರಿಗಿಂತ ಮೊದಲು ನಿಮ್ಮಲ್ಲೊಬ್ಬರು ಹೊಸ ಮನೆಯಲ್ಲಿರಬೇಕು. ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ನಿಂತು ಸಂಖ್ಯೆಗೆ ಗುರುತು ಹಾಕಿ. ಒಡೆದದ್ದು, ಕಾಣದ್ದನ್ನು ರಸೀದಿಯ ಮೇಲೇ ಬರೆದು ಸಹಿ ಪಡೆದು ಆಮೇಲೆ ಬಾಕಿ ಕೊಡಿ. ಒಪ್ಪಂದಕ್ಕಿಂತ ಹೆಚ್ಚು ಕೇಳಿ, ಇಳಿಸುವುದಿಲ್ಲ ಎಂದು ಹೆದರಿಸಿದರೆ ಬರೆಸಿಕೊಂಡ ದರ ತೋರಿಸಿ. ಕೇಳದಿದ್ದರೆ 112ಕ್ಕೆ ಕರೆ ಮಾಡಿ. ದೂರು ದಾಖಲಿಸಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಫ್ರಿಜ್ಜನ್ನು ಇಳಿಸಿದ ಕೂಡಲೇ ಹಚ್ಚದೆ ಕೆಲವು ಗಂಟೆ ನಿಲ್ಲಿಸಿ.

ರಾಜ್ಯದೊಳಗೇ ಹೋಗುವುದರಿಂದ ನಿಮ್ಮ ಸ್ವಂತ ಸ್ಕೂಟರು, ಕಾರಿಗೆ ಹೊಸ ನೋಂದಣಿ ಬೇಡ, ರಸ್ತೆ ತೆರಿಗೆಯೂ ಮತ್ತೆ ಇಲ್ಲ. ಕೆಎ-09, ಕೆಎ-11 ಫಲಕ ಹಾಗೇ ಇರಲಿ. ಆರ್‌ಸಿಯಲ್ಲಿ ವಿಳಾಸ ಬದಲಾವಣೆಗೆ ಮಾತ್ರ 30 ದಿನದೊಳಗೆ ನಮೂನೆ 33 ಸಲ್ಲಿಸಬೇಕು. ಮತದಾರರ ಪಟ್ಟಿಗೆ ನಮೂನೆ 8. ಇವೆಲ್ಲಕ್ಕೂ ವಿಳಾಸದ ದಾಖಲೆ ಬೇಕಾಗುವುದರಿಂದ ಹೊಸ ಬಾಡಿಗೆ ಕರಾರನ್ನು ಮೊದಲ ವಾರದಲ್ಲೇ ಮಾಡಿಸಿ, ಆಧಾರ್ ವಿಳಾಸವನ್ನು ಅದರ ಹಿಂದೆಯೇ ಬದಲಿಸಿ.

ಹಳೆ ಅಡ್ವಾನ್ಸ್ ಬರಬೇಕಾದ ದಿನಕ್ಕೆ ಎರಡು ದಿನ ಮುಂಚೆ ಮಾಲೀಕರಿಗೆ ನೆನಪಿನ ಸಂದೇಶ ಕಳಿಸಿ. ಜೊತೆಗೆ ಮೊದಲು ಕಳಿಸಿದ್ದ ಆ ವಾಟ್ಸ್‌ಆ್ಯಪ್ ಸಂದೇಶ, ಕೊನೆಯ ಕರೆಂಟ್ ಬಿಲ್ ಕಟ್ಟಿದ ರಸೀದಿ ಮತ್ತು ಖಾಲಿ ಮನೆಯ ವಿಡಿಯೋ ಕೂಡ ಹೋಗಲಿ.